ಮೌನವ್ರತಿಗಳ ಹಸಿರು ಮದ್ಯ: ಶಾರ್ತ್ರೂಜ್‌ನ ನಾಲ್ಕು ಶತಮಾನ

2023ರ ಜನವರಿಯಲ್ಲಿ ಫ್ರಾನ್ಸ್ ದೇಶದ ಆಲ್ಪ್ಸ್ ಸೀಮೆಯಿಂದ ಮದ್ಯ ವ್ಯಾಪಾರಿಗಳಿಗೆ ರವಾನೆಯಾದ ಪತ್ರವೊಂದು ಅಮೆರಿಕದ ಬಾರ್‌ಗಳಲ್ಲಿ ಸಣ್ಣ ತಲ್ಲಣವನ್ನೇ ಉಂಟುಮಾಡಿತು. ಶಾರ್ತ್ರೂಜ್ ಎಂಬ ಹೆಸರಿನ ಗಿಡಮೂಲಿಕೆ ಮದ್ಯಕ್ಕೆ ಬೇಡಿಕೆ ಎಷ್ಟೇ ಏರಿದರೂ ಉತ್ಪಾದನೆಯನ್ನು ಇನ್ನು ಹೆಚ್ಚಿಸುವುದಿಲ್ಲ ಎಂಬುದು ಪತ್ರದ ತಾತ್ಪರ್ಯ. ಕಚ್ಚಾ ವಸ್ತುವಿನ ಅಭಾವವಾಗಲಿ, ಕಾರ್ಮಿಕರ ಮುಷ್ಕರವಾಗಲಿ, ತೆರಿಗೆಯ ಹೊರೆಯಾಗಲಿ ಇದಕ್ಕೆ ಕಾರಣವಾಗಿರಲಿಲ್ಲ. ಈ ಮದ್ಯವನ್ನು ತಯಾರಿಸುವವರು ಕ್ರೈಸ್ತ ಸನ್ಯಾಸಿಗಳು. ಪ್ರಾರ್ಥನೆಗೂ ಏಕಾಂತಕ್ಕೂ ಮೀಸಲಾದ ತಮ್ಮ ಸಮಯವನ್ನು ವ್ಯಾಪಾರವು ನುಂಗಿಹಾಕುವುದು ಅವರಿಗೆ ಬೇಕಿರಲಿಲ್ಲ. ಮಿತಿ ಹಾಕಿಕೊಳ್ಳುವ ತೀರ್ಮಾನವನ್ನು ಅವರು 2019ರಲ್ಲಿಯೇ ಸದ್ದಿಲ್ಲದೆ ಕೈಗೊಂಡಿದ್ದರು. ಅಂಗಡಿಗಳ ಕಪಾಟುಗಳು ಬರಿದಾಗತೊಡಗಿದ ಮೇಲೆ ಹೊರಜಗತ್ತಿಗೆ ಅದರ ಅರಿವಾಯಿತು.

ಕೊಳ್ಳುವವರು ಹಣ ಹಿಡಿದು ನಿಂತಿರುವಾಗ ಸರಕು ಸಾಕೆಂದು ಹೇಳುವುದು ವಾಣಿಜ್ಯ ಲೋಕಕ್ಕೆ ವಿಚಿತ್ರವಾಗಿ ಕಂಡಿದ್ದರೆ ಸೋಜಿಗವೇನಿಲ್ಲ. ಆದರೆ ಈ ಮದ್ಯದ ಚರಿತ್ರೆಯನ್ನು ಬಲ್ಲವರಿಗೆ ಅದು ಅನಿರೀಕ್ಷಿತವಾಗಿರಲಿಲ್ಲ. ನಾಲ್ಕು ಶತಮಾನಗಳ ಅವಧಿಯಲ್ಲಿ ಈ ಸನ್ಯಾಸಿಗಳು ತಮ್ಮ ಮಠವನ್ನು ಕಳೆದುಕೊಂಡಿದ್ದಾರೆ, ದೇಶವನ್ನು ತೊರೆದಿದ್ದಾರೆ, ಭಟ್ಟಿಮನೆ ಮಣ್ಣುಪಾಲಾಗಿದ್ದನ್ನು ನೋಡಿದ್ದಾರೆ, ತಮ್ಮ ಮದ್ಯದ ಹೆಸರನ್ನೇ ಸರ್ಕಾರ ಪರರಿಗೆ ಮಾರಿದ್ದನ್ನೂ ಸಹಿಸಿದ್ದಾರೆ. ಇಷ್ಟೆಲ್ಲದರ ನಡುವೆ ಮದ್ಯ ತಯಾರಿಕೆಯ ಸೂತ್ರ ಮಾತ್ರ ಅವರ ಕೈಯಲ್ಲೇ ಉಳಿಯಿತು.

ಲಿಕ್ಕರ್ ಬೇರೆ, ಲಿಕ್ಯೂರ್ ಬೇರೆ

ಶಾರ್ತ್ರೂಜ್ ಲಿಕ್ಯೂರ್ ವರ್ಗಕ್ಕೆ ಸೇರಿದ ಮದ್ಯ. ನಮ್ಮಲ್ಲಿ ಮದ್ಯಕ್ಕೆಲ್ಲ ಸಾಮಾನ್ಯವಾಗಿ ಬಳಕೆಯಾಗುವ ಲಿಕ್ಕರ್ ಎಂಬ ಪದಕ್ಕೂ ಲಿಕ್ಯೂರ್ ಎಂಬ ಪದಕ್ಕೂ ಒಂದು ಅಕ್ಷರದ ಅಂತರವಷ್ಟೇ ಕಂಡರೂ ಅರ್ಥದಲ್ಲಿ ಬಹಳ ವ್ಯತ್ಯಾಸವಿದೆ. ಧಾನ್ಯ, ಹಣ್ಣು ಅಥವಾ ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಭಟ್ಟಿ ಇಳಿಸಿದ ವಿಸ್ಕಿ, ಬ್ರಾಂದಿ, ರಮ್‌ನಂಥವು ಸ್ಪಿರಿಟ್‌ಗಳು. ಅಂಥ ಮದ್ಯಸಾರಕ್ಕೆ ಮೂಲಿಕೆ, ಹಣ್ಣು, ಬೀಜ ಅಥವಾ ತೊಗಟೆಯ ಸಾರವನ್ನೂ ಸಿಹಿಯನ್ನೂ ಬೆರೆಸಿದರೆ ಆಗುವುದು ಲಿಕ್ಯೂರ್. ಯುರೋಪಿಯನ್ ಒಕ್ಕೂಟದ ನಿಯಮದಂತೆ ಲಿಕ್ಯೂರ್ ಎನಿಸಿಕೊಳ್ಳಲು ಶೇ. 15ರಷ್ಟಾದರೂ ಮದ್ಯಸಾರ ಇರಬೇಕು, ಮತ್ತು ಸಾಮಾನ್ಯವಾಗಿ ಲೀಟರಿಗೆ 100 ಗ್ರಾಂನಷ್ಟಾದರೂ ಸಕ್ಕರೆ ಇರಬೇಕು.

ಈ ವರ್ಗದ ಬಹುಪಾಲು ಮದ್ಯಗಳು ಹುಟ್ಟಿದ್ದು ಔಷಧಶಾಲೆಯಲ್ಲಿ. ಮಧ್ಯಯುಗದ ಯುರೋಪಿನಲ್ಲಿ ಮೂಲಿಕೆಯ ತೋಟವೂ ಓದುಬರಹವೂ ಬಿಡುವೂ ಒಂದೆಡೆ ಸೇರಿದ್ದ ತಾಣಗಳೆಂದರೆ ಮಠಗಳು. ಮೂಲಿಕೆಯನ್ನು ನೀರಿನಲ್ಲಿ ಕುದಿಸಿದರೆ ಕಷಾಯ ಕೆಲವೇ ದಿನ ಬಾಳುತ್ತದೆ; ಮದ್ಯಸಾರದಲ್ಲಿ ನೆನೆಹಾಕಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅಲ್ಲದೆ ನೀರಿನಲ್ಲಿ ಕರಗದ ಸುಗಂಧ ತೈಲಗಳು ಮದ್ಯಸಾರದಲ್ಲಿ ಕರಗುತ್ತವೆ. ಕಹಿಯನ್ನು ಮರೆಮಾಚಲು ಜೇನು ಅಥವಾ ಸಕ್ಕರೆ ಸೇರಿತು. ಔಷಧವು ಊಟದ ನಂತರದ ಪಾನೀಯವಾಗಿ ಮಾರ್ಪಡಲು ಹೆಚ್ಚಿನದೇನೂ ಬೇಕಿರಲಿಲ್ಲ.

ಮಠದ ಹೆಸರು ಹೊತ್ತ ಎಲ್ಲ ಲಿಕ್ಯೂರ್‌ಗಳೂ ಮಠದವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಶಾರ್ತ್ರೂಜ್‌ನಷ್ಟೇ ಪ್ರಸಿದ್ಧವಾದ ಬೆನೆಡಿಕ್ಟೀನ್ ಎಂಬ ಲಿಕ್ಯೂರಿಗೆ 16ನೇ ಶತಮಾನದ ಸನ್ಯಾಸಿಯೊಬ್ಬರ ಕಥೆಯನ್ನು ಅಂಟಿಸಲಾಗಿದೆ. ವಾಸ್ತವದಲ್ಲಿ ಅದನ್ನು 1863ರಲ್ಲಿ ರೂಪಿಸಿದವರು ಫ್ರಾನ್ಸ್‌ನ ಫೆಕಾಂ ಪಟ್ಟಣದ ಮದ್ಯ ವರ್ತಕ ಅಲೆಕ್ಸಾಂಡರ್ ಲ ಗ್ರಾಂ. ಪಾನೀಯವೇನೋ ಸೊಗಸಾದದ್ದೇ, ಸನ್ಯಾಸಿ ಮಾತ್ರ ಜಾಹೀರಾತಿಗೆ ಬಂದವರು. ಶಾರ್ತ್ರೂಜ್‌ನ ವಿಷಯ ಹಾಗಲ್ಲ.

ಕಣಿವೆಯ ಮಠ

ಜರ್ಮನಿಯ ಕೊಲೋನ್ ನಗರದಲ್ಲಿ ಜನಿಸಿದ ಬ್ರೂನೋ ಎಂಬ ವಿದ್ವಾಂಸರು 1084ರಲ್ಲಿ ಆರು ಮಂದಿ ಸಂಗಡಿಗರೊಡನೆ ಗ್ರೆನೋಬಲ್ ಸಮೀಪದ ಶಾರ್ತ್ರೂಜ್ ಎಂಬ ಪರ್ವತಶ್ರೇಣಿಗೆ ಬಂದು ನೆಲೆಸಿದರು. ಅಲ್ಲಿ ಆರಂಭವಾದ ಪಂಥವೇ ಕಾರ್ತೂಸಿಯನ್ ಪಂಥ. ಅದರ ಮೂಲಮಠಕ್ಕೆ ಗ್ರಾಂದ್ ಶಾರ್ತ್ರೂಜ್ ಎಂದು ಹೆಸರು. ಬೆಟ್ಟದ ಹೆಸರು ಮಠಕ್ಕೆ, ಮಠದ ಹೆಸರು ಮದ್ಯಕ್ಕೆ, ಮದ್ಯದ ಹೆಸರು ಕೊನೆಗೆ ಬಣ್ಣಕ್ಕೂ ಬಂದಿತು. ಹಸಿರು ಹಳದಿಗಳ ನಡುವಿನ ಒಂದು ಛಾಯೆಯನ್ನು ಬಟ್ಟೆಯಂಗಡಿಗಳಲ್ಲೂ ಬಣ್ಣದ ಪಟ್ಟಿಗಳಲ್ಲೂ ಇಂದು ಶಾರ್ತ್ರೂಜ್ ಎಂದೇ ಕರೆಯುತ್ತಾರೆ.

ಕಾರ್ತೂಸಿಯನ್ನರ ನಿಯಮಗಳು ಕ್ರೈಸ್ತ ಸನ್ಯಾಸಿ ಪಂಥಗಳಲ್ಲಿಯೇ ಅತಿ ಕಠಿಣವಾದವುಗಳ ಸಾಲಿಗೆ ಸೇರುತ್ತವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಒಂಟಿಯಾಗಿರುತ್ತಾರೆ. ಮಾಂಸಾಹಾರ ನಿಷಿದ್ಧ. ನಡುರಾತ್ರಿ ಎದ್ದು ದೀರ್ಘ ಪ್ರಾರ್ಥನೆಯಲ್ಲಿ ತೊಡಗುತ್ತಾರೆ. ವಾರಕ್ಕೊಮ್ಮೆ ಗುಂಪಾಗಿ ನಡೆಯಲು ಹೋಗುವಾಗ ಮನಬಿಚ್ಚಿ ಮಾತನಾಡುವ ಅವಕಾಶವುಂಟು. ಪ್ರವಾಸಿಗರಿಗೆ ಮಠದೊಳಗೆ ಪ್ರವೇಶವಿಲ್ಲ. ಜರ್ಮನಿಯ ಚಿತ್ರ ನಿರ್ದೇಶಕ ಫಿಲಿಪ್ ಗ್ರೋನಿಂಗ್ ಮಠದ ಬದುಕನ್ನು ಚಿತ್ರೀಕರಿಸಲು 1984ರಲ್ಲಿ ಅನುಮತಿ ಕೋರಿದಾಗ, ಸನ್ಯಾಸಿಗಳು ಒಪ್ಪಿಗೆ ಸೂಚಿಸಿದ್ದು ಸುಮಾರು 16 ವರ್ಷಗಳ ನಂತರ. ಬಹುಪಾಲು ಮೌನದಲ್ಲೇ ಸಾಗುವ ಆ ಸಾಕ್ಷ್ಯಚಿತ್ರ 2005ರಲ್ಲಿ ತೆರೆಕಂಡಿತು. ಪತ್ರವೊಂದಕ್ಕೆ ಇಷ್ಟು ನಿಧಾನವಾಗಿ ಉತ್ತರಿಸುವವರು ಮಾರುಕಟ್ಟೆಯ ಅವಸರಕ್ಕೆ ಮಣಿಯುವುದು ಕಷ್ಟವೇ ಸರಿ.

ಹಸ್ತಪ್ರತಿಯ ಅಲೆದಾಟ

ಮದ್ಯದ ಕಥೆ ತೊಡಗುವುದು 1605ರಲ್ಲಿ. ಪ್ಯಾರಿಸ್‌ನ ಇಂದಿನ ಲಕ್ಸೆಂಬರ್ಗ್ ಉದ್ಯಾನದ ಬಳಿ, ವೋವೇರ್ ಎಂಬಲ್ಲಿ ಕಾರ್ತೂಸಿಯನ್ನರ ಮಠವೊಂದಿತ್ತು. ಫ್ರಾನ್ಸ್ವಾ ಆನಿಬಾಲ್ ದೆಸ್ತ್ರೆ ಎಂಬ ಸೇನಾಧಿಪತಿ ಆ ಮಠಕ್ಕೆ ಹಳೆಯ ಹಸ್ತಪ್ರತಿಯೊಂದನ್ನು ಒಪ್ಪಿಸಿದರು. ದೀರ್ಘಾಯುಷ್ಯ ನೀಡುವ ರಸಾಯನದ ಸೂತ್ರ ಅದರಲ್ಲಿತ್ತೆಂಬುದು ಪ್ರತೀತಿ. ಅದು ಅವರ ಕೈಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಚರಿತ್ರೆ ಉತ್ತರ ಕೊಟ್ಟಿಲ್ಲ. ಸೂತ್ರ ಎಷ್ಟು ಜಟಿಲವಾಗಿತ್ತೆಂದರೆ ಪ್ಯಾರಿಸ್ಸಿನ ಸನ್ಯಾಸಿಗಳಿಗೆ ಅದನ್ನು ಪೂರ್ಣವಾಗಿ ಬಳಕೆಗೆ ತರಲಾಗಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಹೆಚ್ಚುಕಡಿಮೆ ನಿರುಪಯುಕ್ತವಾಗಿಯೇ ಉಳಿಯಿತು.

ಹಸ್ತಪ್ರತಿ ಮೂಲಮಠವನ್ನು ತಲುಪಿದ ನಂತರ, 1737ರಲ್ಲಿ ಮಠದ ಔಷಧ ತಯಾರಕ ಜೆರೋಮ್ ಮೋಬೆಕ್ ಅದರ ಗಂಭೀರ ಅಧ್ಯಯನಕ್ಕೆ ಕೈಹಾಕಿದರು. ಅವರು ಆರಂಭಿಸಿದ ಕೆಲಸವನ್ನು ಆಂತ್ವಾನ್ ಎಂಬ ಸೋದರ ಸನ್ಯಾಸಿ 1764ರಲ್ಲಿ ಪೂರೈಸಿದರು. ಹೀಗೆ ಸಿದ್ಧವಾದ ರಸಾಯನವನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಗ್ರೆನೋಬಲ್, ಶಾಂಬೆರಿ ಪಟ್ಟಣಗಳ ಸಂತೆಗಳಲ್ಲಿ ಮಾರಲಾಗುತ್ತಿತ್ತು. ಶೇ. 69ರಷ್ಟು ಮದ್ಯಸಾರವುಳ್ಳ ಈ ರಸಾಯನ ಈಗಲೂ ತಯಾರಾಗುತ್ತದೆ. ಗಾಜು ಒಡೆಯದಂತೆ, ಬೆಳಕು ತಾಗದಂತೆ ಮರದ ಗೂಡಿನೊಳಗಿಟ್ಟ ಪುಟ್ಟ ಶೀಷೆಯಲ್ಲಿ ಅದು ಬರುತ್ತದೆ. ಸಕ್ಕರೆ ಅಚ್ಚಿನ ಮೇಲೆ ಕೆಲವು ಹನಿ ಹಾಕಿಕೊಂಡು ಸೇವಿಸುವುದು ವಾಡಿಕೆ. ಆಯುಷ್ಯ ಹೆಚ್ಚುತ್ತದೆಂಬ ಮಾತಿಗೆ ವೈದ್ಯಶಾಸ್ತ್ರದ ಆಧಾರವಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

1789ರ ಫ್ರೆಂಚ್ ಕ್ರಾಂತಿ ಮಠಗಳನ್ನು ಚದುರಿಸಿತು. ಸನ್ಯಾಸಿಗಳು ಹಸ್ತಪ್ರತಿಯ ನಕಲೊಂದನ್ನು ಮಾಡಿಟ್ಟಿದ್ದರು. ಮೂಲಪ್ರತಿಯನ್ನು ಹೊತ್ತಿದ್ದ ಸನ್ಯಾಸಿ ಬಂಧಿತರಾಗಿ ಬೋರ್ಡೋ ನಗರದ ಸೆರೆಮನೆ ಸೇರಿದರು. ಅದೃಷ್ಟವಶಾತ್ ಅವರ ಮೈ ತಪಾಸಣೆ ನಡೆಯಲಿಲ್ಲ. ಹಸ್ತಪ್ರತಿಯನ್ನು ಗುಟ್ಟಾಗಿ ಗೆಳೆಯರೊಬ್ಬರಿಗೆ ದಾಟಿಸಿದರು. ಪಂಥ ಮತ್ತೆ ತಲೆಯೆತ್ತುವುದಿಲ್ಲವೆಂದು ನಂಬಿದ ಮತ್ತೊಬ್ಬ ಸನ್ಯಾಸಿ ಅದನ್ನು ಗ್ರೆನೋಬಲ್‌ನ ಔಷಧ ವ್ಯಾಪಾರಿ ಲಿಯೋತಾರ್ ಎಂಬವರಿಗೆ ಮಾರಿಬಿಟ್ಟರು.

ಮುಂದಿನ ಘಟನೆ ಆಡಳಿತ ಯಂತ್ರದ ಪರಿಚಯವಿರುವ ಯಾರಿಗಾದರೂ ನಗು ತರಿಸೀತು. ಎಲ್ಲ ಗುಪ್ತ ಔಷಧಗಳ ಸೂತ್ರಗಳನ್ನೂ ಸರ್ಕಾರಕ್ಕೆ ಸಲ್ಲಿಸತಕ್ಕದ್ದೆಂದು ನೆಪೋಲಿಯನ್ ಚಕ್ರವರ್ತಿ 1810ರಲ್ಲಿ ಆಜ್ಞೆ ಹೊರಡಿಸಿದ. ಲಿಯೋತಾರ್ ತಮ್ಮಲ್ಲಿದ್ದುದನ್ನು ವಿಧೇಯರಾಗಿ ಒಪ್ಪಿಸಿದರು. ಗೃಹ ಸಚಿವಾಲಯದ ಅಧಿಕಾರಿಗಳು ಪರಿಶೀಲಿಸಿ, ‘ತಿರಸ್ಕೃತ’ ಎಂಬ ಷರಾದೊಂದಿಗೆ ಹಿಂದಿರುಗಿಸಿದರು. ಸರ್ಕಾರಿ ಕಡತದಲ್ಲಿ ಕಾಯಂ ಆಗಿ ಉಳಿದು ಹತ್ತಾರು ಕೈಗಳಿಗೆ ಸಿಗಬಹುದಾಗಿದ್ದ ಗುಟ್ಟು ಆ ಒಂದು ಷರಾದಿಂದಾಗಿ ಉಳಿಯಿತು. ಸನ್ಯಾಸಿಗಳು 1816ರಲ್ಲಿ ಮಠಕ್ಕೆ ಮರಳಿದರು. ಲಿಯೋತಾರ್ ತೀರಿಕೊಂಡ ಬಳಿಕ ಅವರ ವಾರಸುದಾರರು ಹಸ್ತಪ್ರತಿಯನ್ನು ಮಠಕ್ಕೇ ಹಿಂದಿರುಗಿಸಿದರು.

1840ರ ಆಸುಪಾಸಿನಲ್ಲಿ ಈ ರಸಾಯನದಿಂದಲೇ ಎರಡು ಲಿಕ್ಯೂರ್‌ಗಳು ರೂಪುಗೊಂಡವು. ಒಂದು ಶೇ. 55ರಷ್ಟು ಮದ್ಯಸಾರವುಳ್ಳ ಹಸಿರು ಶಾರ್ತ್ರೂಜ್. ಇನ್ನೊಂದು ಸೌಮ್ಯವೂ ಹೆಚ್ಚು ಸಿಹಿಯೂ ಆದ ಹಳದಿ ಶಾರ್ತ್ರೂಜ್. ಹಳದಿಯ ಈಗಿನ ಪ್ರಮಾಣ ಶೇ. 43. ಬೇಡಿಕೆ ಹೆಚ್ಚಿದಂತೆ ಮಠದೊಳಗಿನ ಭಟ್ಟಿಯ ಸದ್ದುಗದ್ದಲ ಏಕಾಂತಕ್ಕೆ ಭಂಗ ತರತೊಡಗಿತು. ಆದ್ದರಿಂದ 1860ರ ದಶಕದಲ್ಲಿ ಕಣಿವೆಯ ಕೆಳಗೆ ಫುರ್ವಾರಿ ಎಂಬಲ್ಲಿ ಪ್ರತ್ಯೇಕ ಭಟ್ಟಿಮನೆ ಕಟ್ಟಲಾಯಿತು. ವ್ಯಾಪಾರವನ್ನು ಮಠದಿಂದ ಒಂದಷ್ಟು ದೂರ ಇಡಬೇಕೆಂಬ ವಿಚಾರ ಹೊಸದಲ್ಲವೆಂಬುದಕ್ಕೆ ಇದೇ ನಿದರ್ಶನ.

ಹೆಸರು ಸರ್ಕಾರದ್ದು, ರುಚಿ ಸನ್ಯಾಸಿಗಳದ್ದು

20ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್‌ನ ಪ್ರಭುತ್ವಕ್ಕೂ ಧಾರ್ಮಿಕ ಪಂಥಗಳಿಗೂ ಸಂಘರ್ಷ ತಾರಕಕ್ಕೇರಿತು. 1901ರ ಸಂಘಸಂಸ್ಥೆಗಳ ಕಾನೂನಿನ ಬಲದಿಂದ ಸರ್ಕಾರವು 1903ರಲ್ಲಿ ಕಾರ್ತೂಸಿಯನ್ನರನ್ನು ಸೈನಿಕರ ಮೂಲಕ ಮಠದಿಂದ ಹೊರಹಾಕಿತು. ಭಟ್ಟಿಮನೆ, ದಾಸ್ತಾನು, ವ್ಯಾಪಾರಚಿಹ್ನೆ ಎಲ್ಲವೂ ಜಪ್ತಿಯಾದವು. ‘ಶಾರ್ತ್ರೂಜ್’ ಎಂಬ ಹೆಸರನ್ನು ಬಳಸುವ ಹಕ್ಕು ಕುಸೆನಿಯೆ ಎಂಬ ಮದ್ಯ ಕಂಪನಿಯ ಬಳಗದ ಪಾಲಾಯಿತು. ಸೂತ್ರ ಕೈಯಲ್ಲಿಲ್ಲದಿದ್ದರೂ ಹೊಸ ಒಡೆಯರು ತಮಗೆ ತೋಚಿದಂತೆ ಮದ್ಯ ತಯಾರಿಸಿ, ಅದೇ ಬಗೆಯ ಬಾಟಲಿಯಲ್ಲಿ ಅದೇ ಹೆಸರಿನಿಂದ ಮಾರಾಟಕ್ಕಿಟ್ಟರು.

ಸನ್ಯಾಸಿಗಳು ಸ್ಪೇನ್‌ನ ತರಗೋನಾ ನಗರದಲ್ಲಿ ಭಟ್ಟಿ ಹೂಡಿದರು. ಸೂತ್ರ ಅವರದೇ, ಕೈಗುಣ ಅವರದೇ; ಆದರೆ ಫ್ರಾನ್ಸ್‌ನಲ್ಲಿ ಸ್ವಂತ ಹೆಸರನ್ನು ಬಳಸುವಂತಿರಲಿಲ್ಲ. ಆದ್ದರಿಂದ ಅವರ ಮದ್ಯ ‘ತರಗೋನಾ’ ಎಂಬ ಅಡ್ಡಹೆಸರಿನಿಂದ ಜನಜನಿತವಾಯಿತು. ಅಂಗಡಿಯಲ್ಲಿ ಶಾರ್ತ್ರೂಜ್ ಕೇಳಿದವರಿಗೆ ಅನುಕರಣೆಯೂ, ತರಗೋನಾ ಕೇಳಿದವರಿಗೆ ಅಸಲಿಯೂ ಸಿಗುವಂಥ ವಿಲಕ್ಷಣ ಪರಿಸ್ಥಿತಿ ಅದು.

ಮೌನವ್ರತಿಗಳಾದರೂ ನ್ಯಾಯಾಲಯದಲ್ಲಿ ಅವರು ಸುಮ್ಮನಿರಲಿಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1910ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1911ರಲ್ಲಿ ಸನ್ಯಾಸಿಗಳ ಪರವಾಗಿ ತೀರ್ಪಿತ್ತವು. ಫ್ರಾನ್ಸ್ ಸರ್ಕಾರದ ಜಪ್ತಿ ಆ ದೇಶದ ಗಡಿಯೊಳಗೆ ಮಾತ್ರ ಊರ್ಜಿತ, ಅನ್ಯ ದೇಶಗಳಲ್ಲಿ ಸನ್ಯಾಸಿಗಳು ಗಳಿಸಿದ ಹೆಸರನ್ನು ಅದು ಕಸಿಯಲಾರದು ಎಂಬುದು ಈ ತೀರ್ಪುಗಳ ಸಾರಾಂಶ. ವ್ಯಾಪಾರಚಿಹ್ನೆಯ ಕಾನೂನಿನ ಚರ್ಚೆಗಳಲ್ಲಿ ಈ ಮೊಕದ್ದಮೆಗಳು ಇಂದಿಗೂ ಪ್ರಸ್ತಾಪವಾಗುತ್ತವೆ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮರುವರ್ಷ, 1912ರ ಏಪ್ರಿಲ್ 14ರ ರಾತ್ರಿ ಮುಳುಗಡೆಗೆ ಮುನ್ನ ಟೈಟಾನಿಕ್ ಹಡಗಿನ ಮೊದಲ ದರ್ಜೆಯ ಪ್ರಯಾಣಿಕರಿಗೆ ಬಡಿಸಿದ ಕೊನೆಯ ಭೋಜನದ ಪಟ್ಟಿಯಲ್ಲಿ ಶಾರ್ತ್ರೂಜ್ ಜೆಲ್ಲಿಯಲ್ಲಿ ಅದ್ದಿದ ಪೀಚ್ ಹಣ್ಣು ಇತ್ತೆಂಬುದು ಆ ಕಾಲದಲ್ಲಿ ಈ ಹೆಸರಿಗಿದ್ದ ಪ್ರತಿಷ್ಠೆಯನ್ನು ಸೂಚಿಸುತ್ತದೆ.

ಫ್ರಾನ್ಸ್‌ನಲ್ಲಿ ಹೆಸರು ಪಡೆದವರ ವಹಿವಾಟು ಕಡೆಗೂ ಕೈಹಿಡಿಯಲಿಲ್ಲ. 1929ರಲ್ಲಿ ಆ ಕಂಪನಿ ದಿವಾಳಿಯೆದ್ದಿತು. ಪಾತಾಳಕ್ಕಿಳಿದಿದ್ದ ಅದರ ಷೇರುಗಳನ್ನು ಮಠದ ಸಮೀಪದ ವುವಾರೋನ್ ಪಟ್ಟಣದ ಕೆಲವು ವ್ಯಾಪಾರಸ್ಥರು ಅಗ್ಗದ ದರಕ್ಕೆ ಕೊಂಡು ಸನ್ಯಾಸಿಗಳಿಗೆ ಉಡುಗೊರೆಯಾಗಿ ನೀಡಿದರು. ಹೆಸರು ಮರಳಿ ಮನೆ ಸೇರಿತು. ಆದರೆ ನೆಮ್ಮದಿ ದೀರ್ಘವಾಗಲಿಲ್ಲ. 1935ರ ನವೆಂಬರಿನಲ್ಲಿ ಗುಡ್ಡ ಕುಸಿದು ಫುರ್ವಾರಿಯ ಭಟ್ಟಿಮನೆ ನೆಲಸಮವಾಯಿತು. ತಯಾರಿಕೆ ವುವಾರೋನ್‌ಗೆ ಸ್ಥಳಾಂತರಗೊಂಡಿತು. ಅಲ್ಲಿನ 164 ಮೀಟರ್ ಉದ್ದದ ನೆಲಮಾಳಿಗೆ ಲಿಕ್ಯೂರ್ ಮಾಗಿಸುವ ನೆಲಮಾಳಿಗೆಗಳಲ್ಲೇ ಅತ್ಯಂತ ಉದ್ದವಾದುದೆಂದು ಪ್ರಸಿದ್ಧಿ ಪಡೆಯಿತು. ಸನ್ಯಾಸಿಗಳು ಮೂಲಮಠಕ್ಕೆ ಮರಳಿದ್ದು 1940ರಲ್ಲಿ. ತರಗೋನಾದ ಭಟ್ಟಿ 1989ರವರೆಗೂ ನಡೆಯಿತು. ಊರಿನ ನಡುವೆ ಭಾರಿ ಪ್ರಮಾಣದ ಮದ್ಯಸಾರವನ್ನು ಇರಿಸುವ ಕುರಿತ ಸುರಕ್ಷತಾ ನಿಯಮಗಳು ಬಿಗಿಯಾದಾಗ ವುವಾರೋನ್‌ನಿಂದಲೂ ಹೊರಡಬೇಕಾಯಿತು. 2018ರಲ್ಲಿ ಎಗ್ನುವಾರ್ ಎಂಬಲ್ಲಿ ಹೊಸ ಭಟ್ಟಿಮನೆ ಕಾರ್ಯಾರಂಭ ಮಾಡಿತು. ಆ ಜಾಗದೊಂದಿಗೆ ಮಠದ ನಂಟು 17ನೇ ಶತಮಾನದಷ್ಟು ಹಳೆಯದು.

ಸೂತ್ರ ಬಲ್ಲವರು

ಶಾರ್ತ್ರೂಜ್‌ನಲ್ಲಿ 130 ಬಗೆಯ ಸಸ್ಯಗಳು ಬಳಕೆಯಾಗುತ್ತವೆ ಎಂಬುದನ್ನು ಬಿಟ್ಟರೆ ಅದರ ಘಟಕಗಳ ಬಗ್ಗೆ ಅಧಿಕೃತವಾಗಿ ಹೊರಬಂದಿರುವುದು ತೀರ ಅಲ್ಪ. ಪೂರ್ಣ ಸೂತ್ರ ಬಲ್ಲವರು ಸಾಮಾನ್ಯವಾಗಿ ಇಬ್ಬರು ಸನ್ಯಾಸಿಗಳು ಮಾತ್ರವೆಂದು ಬಹುಕಾಲದಿಂದ ಹೇಳಲಾಗುತ್ತಿದೆ. ಒಣಗಿಸಿದ ಸಸ್ಯಗಳನ್ನು ಮಠದಲ್ಲಿಯೇ ಆರಿಸಿ, ಪುಡಿಮಾಡಿ, ಬೆರಕೆ ಮಾಡಿ ಚೀಲಗಳಲ್ಲಿ ತುಂಬುತ್ತಾರೆ. ಭಟ್ಟಿಮನೆಯ ನೌಕರರ ಕೈಸೇರುವುದು ಆ ಚೀಲಗಳು. ಒಳಗೆ ಏನಿದೆ, ಎಷ್ಟಿದೆ ಎಂಬುದು ಅವರಿಗೂ ತಿಳಿಯದು.

ನಂತರದ ಕ್ರಮ ಇತರ ಮೂಲಿಕೆ ಲಿಕ್ಯೂರ್‌ಗಳಂತೆಯೇ. ಸಸ್ಯಗಳನ್ನು ಮದ್ಯಸಾರದಲ್ಲಿ ನೆನೆಯಿಟ್ಟು, ಭಟ್ಟಿ ಇಳಿಸಿ, ಸಿಹಿ ಬೆರೆಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಲು ಬಿಡುತ್ತಾರೆ. ಬಣ್ಣಕ್ಕೆ ಕೃತಕ ಪದಾರ್ಥ ಸೇರಿಸುವುದಿಲ್ಲ. ಎಲೆಗಳ ಹರಿತ್ತನ್ನು ಮದ್ಯಸಾರ ಎಳೆದುಕೊಳ್ಳುವುದರಿಂದ ಹಸಿರು ಬರುತ್ತದೆ. ಬಿಸಿಲಿಗೆ ಬಹಳ ಕಾಲ ಇಟ್ಟರೆ ಅದು ಮಾಸುವುದೂ ಅದೇ ಕಾರಣಕ್ಕೆ. ಹೆಚ್ಚು ವರ್ಷ ಮಾಗಿಸಿದ ವಿ.ಇ.ಪಿ. ಎಂಬ ವಿಶೇಷ ಶ್ರೇಣಿ 1963ರಿಂದ ಬಳಕೆಗೆ ಬಂದಿದೆ. ಎಲ್ಲ ಪೀಪಾಯಿಗಳೂ ಒಂದೇ ವೇಗದಲ್ಲಿ ಹದಕ್ಕೆ ಬರುವುದಿಲ್ಲವಾದ್ದರಿಂದ ಯಾವುದನ್ನು ಯಾವಾಗ ಬಾಟಲಿಗೆ ತುಂಬಬೇಕೆಂದು ಸನ್ಯಾಸಿಗಳೇ ರುಚಿ ನೋಡಿ ನಿರ್ಧರಿಸುತ್ತಾರೆ.

ರಸಾಯನಶಾಸ್ತ್ರದ ಇಂದಿನ ಉಪಕರಣಗಳಿಂದ ಸೂತ್ರವನ್ನು ಬಯಲಿಗೆಳೆಯಲು ಆಗದೇ ಎಂಬ ಪ್ರಶ್ನೆ ಸಹಜ. ಬಾಟಲಿಯಲ್ಲಿರುವ ಸುಗಂಧ ದ್ರವ್ಯಗಳ ಪಟ್ಟಿಯನ್ನು ಯಂತ್ರ ಕೊಟ್ಟೀತು. ಆದರೆ ಒಂದೇ ದ್ರವ್ಯ ಹತ್ತಾರು ಸಸ್ಯಗಳಲ್ಲಿರುತ್ತದೆ. ಅದು ಬೇರಿನಿಂದ ಬಂದಿತೋ ಹೂವಿನಿಂದಲೋ, ಭಟ್ಟಿಗೆ ಮುನ್ನ ಸೇರಿತೋ ಅನಂತರವೋ, ಎಷ್ಟು ದಿನ ನೆನೆಯಿತೋ ಎಂಬುದನ್ನು ಆ ಪಟ್ಟಿ ಹೇಳದು. ಅಡುಗೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಸಾರಿನ ಪುಡಿಯ ಸಾಮಗ್ರಿಗಳನ್ನೆಲ್ಲ ಒಬ್ಬರು ಬರೆದುಕೊಟ್ಟರೂ, ಯಾವುದನ್ನು ಎಷ್ಟು ಹುರಿಯಬೇಕೆಂದು ತಿಳಿಯದವರ ಕೈಯಲ್ಲಿ ಆ ಸಾರು ಹುಟ್ಟುವುದಿಲ್ಲ.

ಸವಿಯುವ ಬಗೆ

ಹಸಿರು ಶಾರ್ತ್ರೂಜ್‌ನ ತೀಕ್ಷ್ಣತೆಯನ್ನು ಕಡೆಗಣಿಸಲಾಗದು. ಭಾರತದಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರ ಶೇ. 42.8ರಷ್ಟಿರುತ್ತದೆ, ಇದರಲ್ಲಿ ಶೇ. 55. ಸಿಹಿಯಾಗಿರುವುದರಿಂದ ನಾಲಿಗೆಗೆ ಅದರ ಬಲ ಕೂಡಲೇ ಗೊತ್ತಾಗುವುದಿಲ್ಲ. 20ರಿಂದ 30 ಮಿಲಿಲೀಟರಿನಷ್ಟು ಸುರಿದುಕೊಂಡು, ಊಟದ ನಂತರ ನಿಧಾನವಾಗಿ ಗುಟುಕರಿಸುವುದು ರೂಢಿ.

ಕಿರಿದಾದ ಬಾಯಿಯ ಸಣ್ಣ ಗಾಜಿನ ಲೋಟ ಸೂಕ್ತ. ಮೂಗನ್ನು ಲೋಟದೊಳಗೆ ಇಳಿಸಿದರೆ ಮದ್ಯಸಾರದ ಘಾಟು ಮಾತ್ರ ತಾಗುತ್ತದೆ. ತುಸು ದೂರ ಹಿಡಿದಾಗಲೇ ಮೂಲಿಕೆಯ ಪರಿಮಳ ಬಿಚ್ಚಿಕೊಳ್ಳುವುದು. ಮೊದಲು ಪುದೀನ, ಸೋಂಪು, ಪೈನ್ ಎಲೆಗಳ ಬಗೆಯ ತಂಪು ವಾಸನೆ. ಬಾಯಿಗಿಟ್ಟಾಗ ಜೇನಿನಂಥ ಸಿಹಿ, ಅದರ ಬೆನ್ನಿಗೇ ಲವಂಗ, ಕಾಳುಮೆಣಸನ್ನು ನೆನಪಿಸುವ ಖಾರ, ಕೊನೆಯಲ್ಲಿ ಒಣಹುಲ್ಲು, ಬೇರುಗಳ ಕಹಿ. ಮನೆಯ ಕಷಾಯ ಕುಡಿದು ಬೆಳೆದವರಿಗೆ ಈ ಕೊನೆಯ ಘಟ್ಟ ಅಷ್ಟೇನೂ ಅಪರಿಚಿತವೆನಿಸದು. ಗುಟುಕು ಗಂಟಲಿಳಿದ ಮೇಲೂ ರುಚಿ ಬಹಳ ಹೊತ್ತು ಬಾಯಲ್ಲಿ ಬದಲಾಗುತ್ತಲೇ ಇರುತ್ತದೆ. ಈ ಲಿಕ್ಯೂರಿನ ಖ್ಯಾತಿ ನಿಂತಿರುವುದೇ ಆ ದೀರ್ಘ ಹಿನ್ನೆಲೆಯ ಮೇಲೆ.

ತಣ್ಣಗೆ ಮಾಡಿದರೆ ಸಿಹಿಯೂ ಘಾಟೂ ತಗ್ಗಿ ಪುದೀನದ ಅಂಶ ಮುಂದಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಮಸಾಲೆಯ ಗುಣ ಎದ್ದುಕಾಣುತ್ತದೆ. ಮೊದಲ ಬಾರಿಗೆ ಸವಿಯುವವರು ಒಂದು ತುಂಡು ಮಂಜುಗಡ್ಡೆ ಹಾಕಿ ಆರಂಭಿಸಿ, ಅದು ಕರಗುತ್ತ ಹೋದಂತೆ ಆಗುವ ಬದಲಾವಣೆಯನ್ನು ಗಮನಿಸಬಹುದು. ಹಳದಿ ಶಾರ್ತ್ರೂಜ್ ಇದಕ್ಕಿಂತ ಮೃದು. ಜೇನು ಮತ್ತು ಹೂವಿನ ಗುಣ ಅದರಲ್ಲಿ ಹೆಚ್ಚು, ಪುದೀನ ಕಡಿಮೆ. ಅದನ್ನು ಹಸಿರಿನ ದುರ್ಬಲ ತಮ್ಮನೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ, ಕಾಕ್‌ಟೇಲ್‌ಗಳಲ್ಲಿ ಹಸಿರು ಉಳಿದೆಲ್ಲವನ್ನೂ ಮೀರಿ ನಿಲ್ಲುವ ಕಡೆ ಹಳದಿಯೇ ಹೊಂದಿಕೊಳ್ಳುತ್ತದೆ. ಆಲ್ಪ್ಸ್‌ನ ಹಿಮಜಾರಾಟದ ತಾಣಗಳಲ್ಲಿ ಬಿಸಿ ಚಾಕೊಲೇಟ್ ಪಾನೀಯಕ್ಕೆ ಹಸಿರು ಶಾರ್ತ್ರೂಜ್ ಬೆರೆಸಿ ಕುಡಿಯುವ ರೂಢಿಯೂ ಇದೆ. ಚಾಕೊಲೇಟ್, ಪುದೀನಗಳ ಜೋಡಿ ಬಲ್ಲವರಿಗೆ ಅದರ ತರ್ಕ ಹೊಳೆದೀತು.

ಮರೆವಿನಿಂದೆದ್ದ ಕಾಕ್‌ಟೇಲ್

19ನೇ ಶತಮಾನದ ಅಂತ್ಯದ ಹೊತ್ತಿಗೇ ಅಮೆರಿಕದ ಬಾರ್‌ಗಳು ಶಾರ್ತ್ರೂಜ್ ಬಳಸತೊಡಗಿದ್ದವು. ಹ್ಯಾರಿ ಜಾನ್ಸನ್ 1900ರಲ್ಲಿ ಪ್ರಕಟಿಸಿದ ಬಾರ್ ಕೈಪಿಡಿಯಲ್ಲಿ ಬಿಜೂ ಎಂಬ ಕಾಕ್‌ಟೇಲ್ ಇದೆ. ಫ್ರೆಂಚ್‌ನಲ್ಲಿ ಆ ಪದಕ್ಕೆ ಆಭರಣ ಎಂದರ್ಥ. ಜಿನ್ ವಜ್ರ, ಸಿಹಿ ವರ್ಮೂತ್ ಮಾಣಿಕ್ಯ, ಹಸಿರು ಶಾರ್ತ್ರೂಜ್ ಪಚ್ಚೆ ಎಂಬುದು ಕಲ್ಪನೆ. ಜಿನ್ ಮತ್ತು ಹಳದಿ ಶಾರ್ತ್ರೂಜ್ ಸೇರಿದ ಅಲಾಸ್ಕಾ 1930ರ ಸವಾಯ್ ಕಾಕ್‌ಟೇಲ್ ಪುಸ್ತಕದಲ್ಲಿ ಸಿಗುತ್ತದೆ.

ಆದರೆ ಈ ಲಿಕ್ಯೂರಿನ ಭವಿಷ್ಯವನ್ನೇ ತಿರುಗಿಸಿದ ಕಾಕ್‌ಟೇಲ್ ಎಂದರೆ ಲಾಸ್ಟ್ ವರ್ಡ್. ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್‌ನ 1916ರ ಪಾನೀಯಗಳ ಪಟ್ಟಿಯಲ್ಲಿ ಅದು 35 ಸೆಂಟ್‌ಗೆ ಮಾರಾಟವಾಗುತ್ತಿತ್ತು. ಪಾನನಿಷೇಧದ ವರ್ಷಗಳು ಬಂದವು, ಹೋದವು. ಟೆಡ್ ಸಾಸಿಯೆ ಅವರ 1951ರ ‘ಬಾಟಮ್ಸ್ ಅಪ್’ ಪುಸ್ತಕದಲ್ಲಿ ದಾಖಲಾಗಿದ್ದರೂ ಅರ್ಧ ಶತಮಾನ ಅದನ್ನು ಕೇಳುವವರಿರಲಿಲ್ಲ. ಸಿಯಾಟಲ್‌ನ ಜಿಗ್ ಜಾಗ್ ಕೆಫೆಯ ಬಾರ್‌ಟೆಂಡರ್ ಮರ್ರೆ ಸ್ಟೆನ್ಸನ್ 2000ರ ದಶಕದ ಆರಂಭದಲ್ಲಿ ಈ ಹಳೆಯ ಪುಸ್ತಕದಲ್ಲಿ ಅದನ್ನು ಕಂಡು ತಮ್ಮ ಪಟ್ಟಿಗೆ ಸೇರಿಸಿದರು. ಅಲ್ಲಿಂದ ಅದು ನ್ಯೂಯಾರ್ಕ್‌ಗೆ, ಅಲ್ಲಿಂದ ಜಗತ್ತಿನ ಬಾರ್‌ಗಳಿಗೆ ಹಬ್ಬಿತು.

ತಯಾರಿಕೆ ಸರಳ. ಜಿನ್, ಹಸಿರು ಶಾರ್ತ್ರೂಜ್, ಮರಾಸ್ಕಿನೋ ಎಂಬ ಚೆರಿ ಲಿಕ್ಯೂರ್, ಆಗತಾನೇ ಹಿಂಡಿದ ನಿಂಬೆ ರಸ, ನಾಲ್ಕೂ ಸಮಭಾಗ. ಒಂದೊಂದೂ 22 ಮಿಲಿಲೀಟರಿನಷ್ಟು ತೆಗೆದುಕೊಂಡು ಮಂಜುಗಡ್ಡೆಯೊಂದಿಗೆ ಚೆನ್ನಾಗಿ ಕುಲುಕಿ ಸೋಸಿದರೆ ಮುಗಿಯಿತು. ಎರಡು ಸಿಹಿ ಲಿಕ್ಯೂರ್‌ಗಳು ಒಂದೇ ಲೋಟದಲ್ಲಿದ್ದರೂ ನಿಂಬೆಯ ಹುಳಿ ಅವನ್ನು ಹತೋಟಿಯಲ್ಲಿಡುತ್ತದೆ. ಜಿನ್‌ನ ಮೂಲಿಕೆ ಪರಿಮಳ ಶಾರ್ತ್ರೂಜ್‌ಗೆ ಸೇತುವೆಯಾಗುತ್ತದೆ. ನಾಲ್ಕರಲ್ಲಿ ಯಾವುದನ್ನು ಬದಲಿಸಿದರೂ ಇನ್ನೊಂದು ಪಾನೀಯ ಹುಟ್ಟುತ್ತದೆ. ನ್ಯೂಯಾರ್ಕ್‌ನಲ್ಲಿ 2011ರಲ್ಲಿ ಹೊವಾಕಿನ್ ಸಿಮೋ ರೂಪಿಸಿದ ನೇಕೆಡ್ ಅಂಡ್ ಫೇಮಸ್ ಅಂಥದ್ದೇ ಒಂದು ತಳಿ. ಅದರಲ್ಲಿ ಮೆಜ್ಕಾಲ್, ಅಪೆರೋಲ್, ನಿಂಬೆ ರಸಗಳ ಜತೆಗೆ ಹಳದಿ ಶಾರ್ತ್ರೂಜ್ ಇರುತ್ತದೆ.

ಇಕ್ಕಟ್ಟು ತಲೆದೋರಿದ್ದು ಇಲ್ಲಿಯೇ. ಊಟದ ನಂತರ ವರ್ಷಕ್ಕೊಂದು ಬಾಟಲಿ ಖರ್ಚು ಮಾಡುತ್ತಿದ್ದ ಮನೆಗಳ ಜಾಗಕ್ಕೆ, ಲೋಟಕ್ಕೆ 22 ಮಿಲಿಲೀಟರಿನಂತೆ 700 ಮಿಲಿಲೀಟರಿನ ಬಾಟಲಿಯನ್ನು 30ರ ಆಸುಪಾಸು ಲೋಟಗಳಲ್ಲಿ ಬರಿದು ಮಾಡುವ ಬಾರ್‌ಗಳು ಬಂದವು. ಕೊರೊನಾ ಅವಧಿಯಲ್ಲಿ ಮನೆಯಲ್ಲೇ ಕಾಕ್‌ಟೇಲ್ ಬೆರೆಸುವ ಹವ್ಯಾಸ ಅಮೆರಿಕದಲ್ಲಿ ಬೆಳೆದು ಬೇಡಿಕೆಯನ್ನು ಇನ್ನಷ್ಟು ಏರಿಸಿತು. ಅದೇ ವೇಳೆ ಮಠವು ಉತ್ಪಾದನೆಯನ್ನು ವರ್ಷಕ್ಕೆ ಸುಮಾರು 16 ಲಕ್ಷ ಬಾಟಲಿಗಳಿಗೆ ಸೀಮಿತಗೊಳಿಸಿತ್ತೆಂದು 2023ರಲ್ಲಿ ವರದಿಯಾಯಿತು.

ಹೆಚ್ಚು ತಯಾರಿಸಲು ಹೆಚ್ಚು ಭಟ್ಟಿಗಳಿದ್ದರೆ ಸಾಲದು. ಮೂಲಿಕೆ ಬೆರೆಸುವ, ಪೀಪಾಯಿಗಳ ರುಚಿ ನೋಡುವ ಕೈಗಳು ಬೇಕು. ಆ ಕೈಗಳು ಸನ್ಯಾಸಿಗಳವು. ಅವರು ಮಠ ಸೇರಿದ್ದು ಮದ್ಯ ಕಾಯಿಸಲೆಂದಲ್ಲ. ಉತ್ಪಾದನೆ ಹೆಚ್ಚಿದಷ್ಟೂ ಪರಿಸರದ ಮೇಲಿನ ಹೊರೆ ಹೆಚ್ಚುತ್ತದೆಂಬುದೂ ಅವರು ಮುಂದಿಟ್ಟ ಕಾರಣಗಳಲ್ಲೊಂದು. ಪಂಥದ ನಿರ್ವಹಣೆಗೆ ಬೇಕಾದ ಆದಾಯ ಮದ್ಯದಿಂದ ಬರುತ್ತದೆ, ಅಷ್ಟು ಬಂದರೆ ಸಾಕು ಎಂಬುದು ಅವರ ನಿಲುವು. ಕೊರತೆಯಿಂದ ಬೆಲೆ ಏರಿದ್ದು, ಕೆಲವರು ಬಾಟಲಿಗಳನ್ನು ಕೂಡಿಟ್ಟಿದ್ದು, ಸಣ್ಣ ಬಾರ್‌ಗಳು ಪಟ್ಟಿಯಿಂದ ಲಾಸ್ಟ್ ವರ್ಡ್ ಅನ್ನು ತೆಗೆದುಹಾಕಿದ್ದು ಈ ನಿಲುವಿನ ಮತ್ತೊಂದು ಮುಖ. ಅದರ ನಷ್ಟ ತಟ್ಟಿದ್ದು ಮಠಕ್ಕಿಂತ ಹೆಚ್ಚಾಗಿ, ಈ ಹೆಸರನ್ನು ಹೊಸ ತಲೆಮಾರಿಗೆ ಪರಿಚಯಿಸಿದ ಬಾರ್‌ಟೆಂಡರ್‌ಗಳಿಗೆ ಎಂಬುದನ್ನು ಅಲ್ಲಗಳೆಯಲಾಗದು.

ಬದಲಿಗಾಗಿ ಹುಡುಕಾಟವೂ ನಡೆಯಿತು. ಆಲ್ಪ್ಸ್‌ನ ಜೆನೆಪಿ ಎಂಬ ಮೂಲಿಕೆಯಿಂದ ತಯಾರಾಗುವ ಲಿಕ್ಯೂರ್‌ಗಳು ಹಸಿರಿನ ಜಾಗಕ್ಕೆ ಬಂದವು. ಅವು ಹಗುರ, ಖಾರ ಕಡಿಮೆ. ಇಟಲಿಯ ಬೆನೆವೆಂತೋ ಪಟ್ಟಣದಲ್ಲಿ 1860ರಿಂದ ತಯಾರಾಗುತ್ತಿರುವ ಕೇಸರಿ ಬಣ್ಣದ ಸ್ಟ್ರೇಗಾ ಹಳದಿಗೆ ಬದಲಿಯಾಗಬಲ್ಲದು. ಇವುಗಳನ್ನು ಅವುಗಳದೇ ಗುಣಕ್ಕಾಗಿ ಸವಿಯುವುದು ಮೇಲು. ಶಾರ್ತ್ರೂಜ್ ಎಂದುಕೊಂಡು ಕುಡಿದರೆ ನಿರಾಸೆ ಖಚಿತ.

ಇತ್ತ ಹಳೆಯ ಬಾಟಲಿಗಳ ಹರಾಜಿಗೂ ರಂಗೇರಿದೆ. ಲಿಕ್ಯೂರ್‌ಗಳು ಬಾಟಲಿಯಲ್ಲಿ ಹೆಚ್ಚೇನೂ ಬದಲಾಗವೆಂಬುದು ಸಾಮಾನ್ಯ ನಂಬಿಕೆಯಾದರೂ ಶಾರ್ತ್ರೂಜ್ ವರ್ಷ ಕಳೆದಂತೆ ಮೃದುವಾಗುತ್ತದೆಂದು ಸಂಗ್ರಾಹಕರು ಹೇಳುತ್ತಾರೆ. ತರಗೋನಾ ಕಾಲದ ಬಾಟಲಿಗಳಿಗಂತೂ ವಿಶೇಷ ಬೆಲೆಯಿದೆ. ಇಸವಿ ಗುರುತಿಸಲು ಅವರು ಬಳಸುವ ಉಪಾಯ ಹೀಗಿದೆ: ಇತ್ತೀಚಿನ ದಶಕಗಳ ಬಾಟಲಿಗಳ ಮೇಲೆ ಮುದ್ರಿತವಾದ ಆರಂಕಿಯ ಸಂಖ್ಯೆಯ ಮೊದಲ ಮೂರು ಅಂಕಿಗಳಿಗೆ 1084ನ್ನು ಕೂಡಿಸಬೇಕು. ಅಂಕಿ 930 ಎಂದಿದ್ದರೆ ಆ ಮದ್ಯ ಬಾಟಲಿಗೆ ಇಳಿದದ್ದು 2014ರಲ್ಲಿ. ಬ್ರೂನೋ ಮತ್ತು ಆರು ಮಂದಿ ಸಂಗಡಿಗರು ಬೆಟ್ಟ ಹತ್ತಿದ ವರ್ಷದಿಂದಲೇ ಮಠದ ಲೆಕ್ಕ ಶುರುವಾಗುತ್ತದೆ.